ಇಂಗ್ಲೆಂಡಿನಲ್ಲಿ ಬಾಡಿಗೆಗೆ ಕೊಟ್ಟ ಮನೆ: ಹೊಸ ಕಾನೂನಿನಡಿ ಏಜೆಂಟರಿಂದ ಸರಿಯಾಗಿ ಕೆಲಸ ಮಾಡಿಸಿಕೊಳ್ಳುವ ಬಗೆ

"ಮನೆ ನಮ್ಮದು. ಖಾಲಿ ಮಾಡಿ ಎನ್ನಲು ಕಾರಣ ಯಾಕಮ್ಮ ಹೇಳಬೇಕು?"

ಜಯನಗರದಿಂದ ಫೋನ್ ಮಾಡಿದ್ದ ಹಿರಿಯರೊಬ್ಬರು ನನ್ನನ್ನು ಹೀಗೆ ಕೇಳಿದ್ದರು. ಮಗ ರೆಡಿಂಗ್‌ನಲ್ಲಿ ಕೆಲಸದಲ್ಲಿದ್ದಾಗ ಸಾಲ ಮಾಡಿ ಎರಡು ಕೋಣೆಯ ಮನೆ ಕೊಂಡಿದ್ದ. ಬೆಂಗಳೂರಿಗೆ ಮರಳುವಾಗ ಅದನ್ನು ಏಜೆಂಟರ ಕೈಗೆ ಒಪ್ಪಿಸಿ ಬಂದಿದ್ದ. ಸ್ಲೌ, ಮಿಲ್ಟನ್ ಕೀನ್ಸ್, ಲಂಡನ್ನಿನ ಹೊರವಲಯದಲ್ಲಿ ಇಂಥ ಮನೆಗಳಿರುವ ಕನ್ನಡಿಗರು ಕಡಿಮೆಯೇನಿಲ್ಲ. ಬಹಳಷ್ಟು ಮಂದಿಗೆ ತಿಂಗಳಿಗೊಮ್ಮೆ ಬ್ಯಾಂಕಿಗೆ ಬಂದು ಬೀಳುವ ಹಣವಷ್ಟೇ ಗೊತ್ತು. ಆ ಹಣದ ಹಿಂದಿನ ಕಾನೂನು ಬದಲಾಗಿದೆ, ಅದೂ ಬುಡಸಮೇತ.

ನಾನು ಅಲ್ಲಿನ ಬಾಡಿಗೆ ಏಜೆನ್ಸಿಯೊಂದರಲ್ಲಿ ಕೆಲಸ ಮಾಡಿದವಳು. ಮಾಲೀಕರ ಆತಂಕವನ್ನೂ ಬಾಡಿಗೆದಾರರ ಸಂಕಟವನ್ನೂ ಒಂದೇ ಮೇಜಿನ ಮೇಲೆ ಕಂಡಿದ್ದೇನೆ. ನನಗೆ ಮನದಟ್ಟಾದ ಸಂಗತಿ ಒಂದಿದೆ: ಏಜೆಂಟರಿಗೆ ಕೆಲಸವನ್ನು ಒಪ್ಪಿಸಬಹುದು, ಹೊಣೆಯನ್ನು ಒಪ್ಪಿಸಲಾಗದು. ಕಾನೂನು ತಪ್ಪಿದರೆ ಏಜೆಂಟರಿಗೂ ದಂಡ ಬೀಳಬಹುದು, ಆದರೆ ಅದರಿಂದ ಮಾಲೀಕರ ಹೊಣೆ ಇಳಿಯುವುದಿಲ್ಲ. ಅದಕ್ಕಾಗಿಯೇ ಈ ಮಾರ್ಗದರ್ಶಿ. ಇಲ್ಲಿರುವುದೆಲ್ಲ ಇಂಗ್ಲೆಂಡಿಗೆ ಮಾತ್ರ ಅನ್ವಯ. ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡಿನ ಬಾಡಿಗೆ ಕಾನೂನುಗಳೇ ಬೇರೆ.

ಬದಲಾದದ್ದು ಏನು

1988ರ ವಸತಿ ಕಾಯ್ದೆಯ 21ನೇ ಕಲಂ ಪ್ರಕಾರ ಮಾಲೀಕರು ಯಾವ ಕಾರಣವನ್ನೂ ಕೊಡದೆ ಎರಡು ತಿಂಗಳ ನೋಟಿಸ್ ನೀಡಿ ಮನೆ ತೆರವು ಮಾಡಿಸಬಹುದಿತ್ತು. 2025ರ ಅಕ್ಟೋಬರ್ 27ರಂದು ರಾಜಮುದ್ರೆ ಪಡೆದ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಅದನ್ನು ತೆಗೆದುಹಾಕಿತು. ಖಾಸಗಿ ಬಾಡಿಗೆ ಮನೆಗಳಿಗೆ ಅದರ ಮುಖ್ಯ ಭಾಗ ಅನ್ವಯವಾಗುವುದು 2026ರ ಮೇ 1ರಿಂದ. ಆ ದಿನದಿಂದ ಆರು ತಿಂಗಳು, ವರ್ಷ ಎಂಬ ಅವಧಿಯ ಕರಾರುಗಳಿಲ್ಲ. ಹಳೆಯ ಕರಾರುಗಳೂ ತಾವಾಗಿಯೇ ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆಗಳಾಗುತ್ತವೆ. ಬಾಡಿಗೆದಾರರು ಎರಡು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಹೊರಡಬಹುದು. ಮಾಲೀಕರು ಮಾತ್ರ ಕಾನೂನು ಒಪ್ಪುವ ಕಾರಣವನ್ನು ಹೇಳಬೇಕು, ಸಾಬೀತನ್ನೂ ಮಾಡಬೇಕು.

ಹನ್ನೊಂದು ತಿಂಗಳ ಕರಾರು ಬರೆದು, ಮುಗಿದ ಮೇಲೆ ಮತ್ತೆ ಹನ್ನೊಂದು ತಿಂಗಳು ಎಂದು ಮುಂದುವರಿಸುವ ಬೆಂಗಳೂರಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಅವಧಿ ಮುಗಿಯಿತು ಎಂಬ ಮಾತಿಗೇ ಅಲ್ಲಿ ಅರ್ಥ ಉಳಿದಿಲ್ಲ.

ಹೆಜ್ಜೆ 1: ಎಷ್ಟು ಕೆಲಸ ಒಪ್ಪಿಸುತ್ತೀರಿ ಎಂದು ಮೊದಲು ತೀರ್ಮಾನಿಸಿ

ಏಜೆನ್ಸಿಗಳು ಸಾಮಾನ್ಯವಾಗಿ ಮೂರು ಬಗೆಯ ಸೇವೆ ಕೊಡುತ್ತವೆ. ಒಂದು, ಬಾಡಿಗೆದಾರರನ್ನು ಹುಡುಕಿಕೊಟ್ಟು ಕೈ ತೊಳೆದುಕೊಳ್ಳುವುದು. ಎರಡು, ಅದರ ಜೊತೆಗೆ ತಿಂಗಳ ಬಾಡಿಗೆ ವಸೂಲಿ. ಮೂರು, ದುರಸ್ತಿ, ತಪಾಸಣೆ, ನೋಟಿಸುಗಳನ್ನೂ ಸೇರಿಸಿ ಪೂರ್ಣ ನಿರ್ವಹಣೆ. ಪೂರ್ಣ ನಿರ್ವಹಣೆಗೆ ಹೆಚ್ಚಾಗಿ ಬಾಡಿಗೆಯ ಶೇ. 10ರಿಂದ 15ರಷ್ಟು ಕೇಳುತ್ತಾರೆ, ಅದರ ಮೇಲೆ ಶೇ. 20 ವ್ಯಾಟ್. ತಿಂಗಳಿಗೆ 1,500 ಪೌಂಡ್ ಬಾಡಿಗೆಯ ಮನೆಗೆ ಶೇ. 12 ಎಂದರೆ 180 ಪೌಂಡ್, ವ್ಯಾಟ್ ಸೇರಿ 216.

ನೀವು ಭಾರತದಲ್ಲಿದ್ದರೆ ಪೂರ್ಣ ನಿರ್ವಹಣೆಯನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಜನವರಿಯ ರಾತ್ರಿ ಬಾಯ್ಲರ್ ನಿಂತರೆ ಮೈಸೂರಿನಲ್ಲಿ ಕುಳಿತು ಪ್ಲಂಬರನ್ನು ಹುಡುಕಲಾಗದು. ಅಲ್ಲಿಯೇ ಹತ್ತು ಮೈಲಿ ದೂರದಲ್ಲಿ ವಾಸವಿದ್ದು ವಾರಾಂತ್ಯಕ್ಕೆ ಹೋಗಿ ನೋಡುವಂತಿದ್ದರೆ ಎರಡನೆಯದು ಸಾಕಾಗಬಹುದು.

ಮೊದಲ ಬಗೆಯ ಸೇವೆಯಲ್ಲಿ ಈಗ ಹೊಸ ಅಪಾಯವೊಂದಿದೆ. ಹಿಂದೆ ವರ್ಷದ ಕರಾರು ಆದಾಗ ಇಡೀ ವರ್ಷದ ಕಮಿಷನ್ ಮೊದಲೇ ಹಿಡಿದುಕೊಳ್ಳುವ ರೂಢಿಯಿತ್ತು. ಈಗ ಬಾಡಿಗೆದಾರರು ಬಂದ ದಿನವೇ ನೋಟಿಸ್ ಕೊಟ್ಟು ಎರಡು ತಿಂಗಳಿಗೆ ಹೊರಟುಹೋಗಬಹುದು. ಉಳಿದ ಹತ್ತು ತಿಂಗಳ ಕಮಿಷನ್ ವಾಪಸ್ ಬರುತ್ತದೆಯೇ? ಒಪ್ಪಂದದಲ್ಲಿ ಆ ಸಾಲು ಇಲ್ಲದಿದ್ದರೆ ಸಹಿ ಹಾಕಬೇಡಿ.

ಹೆಜ್ಜೆ 2: ಏಜೆಂಟರನ್ನು ಪರೀಕ್ಷಿಸಿ

ಇಂಗ್ಲೆಂಡಿನಲ್ಲಿ ಬಾಡಿಗೆ ಏಜೆಂಟರಾಗಲು ಪರವಾನಗಿ ಬೇಕಿಲ್ಲ. ಸ್ಕಾಟ್ಲೆಂಡಿನಲ್ಲಿ ನೋಂದಣಿ ಕಡ್ಡಾಯ, ವೇಲ್ಸ್‌ನಲ್ಲಿ ಪರವಾನಗಿ ಕಡ್ಡಾಯ, ಇಂಗ್ಲೆಂಡಿನಲ್ಲಿ ಮಾತ್ರ ಯಾರು ಬೇಕಾದರೂ ಅಂಗಡಿ ತೆರೆಯಬಹುದು. ಇದು ತಪ್ಪೆಂದೇ ನನ್ನ ಅಭಿಪ್ರಾಯ. ಹಾಗಾಗಿ ಪರೀಕ್ಷೆಯ ಕೆಲಸ ನಿಮ್ಮ ಮೇಲೆ ಬೀಳುತ್ತದೆ.

ಕಾನೂನು ಕಡ್ಡಾಯ ಮಾಡಿರುವ ಎರಡು ಮುಖ್ಯ ಸಂಗತಿಗಳನ್ನು ನೋಡಿ. ಸರ್ಕಾರ ಮಾನ್ಯ ಮಾಡಿದ ದೂರು ಪರಿಹಾರ ಯೋಜನೆಯಲ್ಲಿ ಅವರು ಸದಸ್ಯರಾಗಿರಬೇಕು: ಪ್ರಾಪರ್ಟಿ ಓಂಬಡ್ಸ್‌ಮನ್ ಅಥವಾ ಪ್ರಾಪರ್ಟಿ ರಿಡ್ರೆಸ್. ಗ್ರಾಹಕರ ಹಣವನ್ನು ಇಟ್ಟುಕೊಳ್ಳುವ ಏಜೆಂಟರು 2019ರ ಏಪ್ರಿಲ್ 1ರಿಂದ ಗ್ರಾಹಕ ಹಣ ರಕ್ಷಣೆ ಯೋಜನೆಯಲ್ಲಿಯೂ ಇರಬೇಕು. ಏಜೆನ್ಸಿ ದಿವಾಳಿಯೆದ್ದರೆ ನಿಮ್ಮ ಬಾಡಿಗೆ ಹಣಕ್ಕೆ ಅದೊಂದೇ ಆಸರೆ. ಗೋಡೆಯ ಮೇಲಿನ ಪ್ರಮಾಣಪತ್ರವನ್ನೋ ಜಾಲತಾಣದ ಲಾಂಛನವನ್ನೋ ನಂಬಿ ಕೂರದೆ, ಯೋಜನೆಯ ಸ್ವಂತ ಜಾಲತಾಣಕ್ಕೆ ಹೋಗಿ ಏಜೆನ್ಸಿಯ ಹೆಸರು ಹಾಕಿ ನೋಡಿ. ಐದು ನಿಮಿಷದ ಕೆಲಸ.

ಆಮೇಲೆ ಒಪ್ಪಂದ ಪತ್ರ. ಅದರಲ್ಲಿ ನವೀಕರಣ ಶುಲ್ಕ ಎಂಬ ಪದವನ್ನು ಹುಡುಕಿ. ಒಂದೇ ಬಾಡಿಗೆದಾರರು ಮುಂದುವರಿದರೂ ವರ್ಷವರ್ಷ ಕಮಿಷನ್ ಕೇಳುವ ಷರತ್ತುಗಳು ಹಳೆಯ ರೋಗ. 2009ರಲ್ಲಿ ಹೈಕೋರ್ಟ್, ದೊಡ್ಡ ಏಜೆನ್ಸಿಯೊಂದರ ಇಂಥ ಷರತ್ತುಗಳು ಸಾಮಾನ್ಯ ಮಾಲೀಕರಿಗೆ ಕಾಣದಂತೆ ಹುದುಗಿವೆ, ನ್ಯಾಯವಲ್ಲ ಎಂದು ತೀರ್ಪು ಕೊಟ್ಟಿತ್ತು. ಈಗ ಕರಾರು ನವೀಕರಣವೇ ಇಲ್ಲದ ಮೇಲೆ ಆ ಶುಲ್ಕಕ್ಕೆ ನೆಲೆ ಎಲ್ಲಿದೆ? ಹಳೆಯ ಒಪ್ಪಂದವನ್ನು ಹಾಗೆಯೇ ಮುಂದುವರಿಸುವ ಏಜೆಂಟರನ್ನು ಈ ಪ್ರಶ್ನೆ ಕೇಳಿ.

ಕೆಳಗಿನವನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ:

- ನಿಮ್ಮ ಒಪ್ಪಿಗೆಯಿಲ್ಲದೆ ದುರಸ್ತಿಗೆ ಎಷ್ಟು ಪೌಂಡ್‌ವರೆಗೆ ಖರ್ಚು ಮಾಡಬಹುದು, ತುರ್ತು ಸಂದರ್ಭವೆಂದರೆ ಯಾವುದು.
- ಪ್ಲಂಬರ್, ಎಲೆಕ್ಟ್ರಿಷಿಯನ್ ಬಿಲ್ಲಿನ ಮೇಲೆ ಏಜೆಂಟರು ತಮ್ಮ ಪಾಲು ಸೇರಿಸುತ್ತಾರೆಯೇ.
- ಬಾಡಿಗೆದಾರರಿಗೆ ಅಲ್ಲಿ ಮನೆ ಹಿಡಿಯುವ ಹಕ್ಕಿದೆಯೇ ಎಂದು ನೋಡುವ ವಲಸೆ ಸ್ಥಿತಿಯ ಪರಿಶೀಲನೆಯ ಹೊಣೆ ಯಾರದು. ಹೊಣೆ ನಿಜವಾಗಿ ವರ್ಗವಾಗುವ ಅಪರೂಪದ ಜಾಗ ಇದು. ಏಜೆಂಟರು ಲಿಖಿತವಾಗಿ ಒಪ್ಪಿಕೊಂಡಿದ್ದರೆ ತಪ್ಪಿನ ದಂಡ ಅವರ ಮೇಲೆ ಹೋಗುತ್ತದೆ.
- ಒಪ್ಪಂದ ಮುರಿಯಲು ಎಷ್ಟು ದಿನದ ನೋಟಿಸ್, ಬಾಡಿಗೆದಾರರು ಮುಂದುವರಿದರೆ ಏನಾದರೂ ಕೊಡಬೇಕೇ.

ಇನ್ನೊಂದು ಮಾತು. ನಿಮಗೆ ಖಚಿತ ಬಾಡಿಗೆ ಕೊಡುತ್ತೇವೆ, ಮನೆಯನ್ನು ನಮಗೇ ಕೊಡಿ ಎಂದು ಬರುವ ಕಂಪನಿಗಳಿವೆ. ಅವರು ಮನೆಯನ್ನು ಕೋಣೆ ಕೋಣೆಯಾಗಿ ಒಳಬಾಡಿಗೆಗೆ ಕೊಡುತ್ತಾರೆ. ಐದು ಅಥವಾ ಹೆಚ್ಚು ಮಂದಿ, ಎರಡು ಅಥವಾ ಹೆಚ್ಚು ಕುಟುಂಬಗಳಾಗಿ ಅಡುಗೆಮನೆ, ಬಚ್ಚಲುಮನೆ ಹಂಚಿಕೊಂಡರೆ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನ ಪರವಾನಗಿ ಕಡ್ಡಾಯ. ಎಷ್ಟೋ ಕೌನ್ಸಿಲ್‌ಗಳು ಮೂವರಿದ್ದರೂ ಕೇಳುತ್ತವೆ. ಪರವಾನಗಿಯಿಲ್ಲದೆ ಸಿಕ್ಕಿಬಿದ್ದರೆ ಬಾಡಿಗೆ ಹಿಂತಿರುಗಿಸುವ ಆದೇಶ ಈಗ ಮೂಲ ಮಾಲೀಕರಾದ ನಿಮ್ಮ ಮೇಲೆಯೂ ಬರಬಹುದು, ಅದೂ ಎರಡು ವರ್ಷದ ಬಾಡಿಗೆಯವರೆಗೆ.

ಹೆಜ್ಜೆ 3: ಮನೆಯ ಕಾಗದ ಸಿದ್ಧ ಮಾಡಿ

ಇಲ್ಲಿ ಚರ್ಚೆಗೆ ಜಾಗವಿಲ್ಲ. ಗ್ಯಾಸ್ ಇದ್ದರೆ ಗ್ಯಾಸ್ ಸೇಫ್ ನೋಂದಾಯಿತ ತಂತ್ರಜ್ಞರಿಂದ ವರ್ಷಕ್ಕೊಮ್ಮೆ ತಪಾಸಣೆ. ವಿದ್ಯುತ್ ತಪಾಸಣೆ ಕನಿಷ್ಠ ಐದು ವರ್ಷಕ್ಕೊಮ್ಮೆ. ಹತ್ತು ವರ್ಷ ಬಾಳುವ ಇಂಧನ ದಕ್ಷತೆ ಪತ್ರ, ಅದರಲ್ಲಿ ಕನಿಷ್ಠ ಇ ದರ್ಜೆ. ಪ್ರತಿ ಅಂತಸ್ತಿಗೂ ಹೊಗೆಯ ಅಲಾರಂ, ಬಾಯ್ಲರ್ ಅಥವಾ ಸೌದೆ ಒಲೆ ಇರುವ ಕೋಣೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ. ಮನೆಯ ಮೇಲೆ ಸಾಲವಿದ್ದರೆ ಬಾಡಿಗೆಗೆ ಕೊಡಲು ಬ್ಯಾಂಕಿನ ಒಪ್ಪಿಗೆ. ನಿಮ್ಮ ಬೀದಿ ಕೌನ್ಸಿಲ್‌ನ ಆಯ್ದ ಪ್ರದೇಶ ಪರವಾನಗಿಯಡಿ (ಆ ಪ್ರದೇಶದ ಬಾಡಿಗೆ ಮನೆಗಳಿಗೆಲ್ಲ ಬೇಕಾದ ಪರವಾನಗಿ) ಬರುತ್ತದೆಯೇ ಎಂಬುದನ್ನೂ ಏಜೆಂಟರಿಂದ ಲಿಖಿತವಾಗಿ ಕೇಳಿ. ಲಂಡನ್ನಿನ ನ್ಯೂಹ್ಯಾಮ್ 2013ರಲ್ಲಿಯೇ ಬಡಾವಣೆಗಳಿಗೆಲ್ಲ ಇದನ್ನು ತಂದಿತ್ತು. ಆಮೇಲೆ ಹಲವು ಕೌನ್ಸಿಲ್‌ಗಳು ಅದೇ ದಾರಿ ಹಿಡಿದಿವೆ.

ಒಳ್ಳೆಯ ಏಜೆಂಟರು ಈ ದಿನಾಂಕಗಳನ್ನೆಲ್ಲ ಒಂದು ಕ್ಯಾಲೆಂಡರಿನಲ್ಲಿ ಇಟ್ಟಿರುತ್ತಾರೆ. ಅದರ ಪ್ರತಿಯನ್ನು ನೀವೂ ಇಟ್ಟುಕೊಳ್ಳಿ. ಗ್ಯಾಸ್ ಪತ್ರದ ಅವಧಿ ಮುಗಿಯುವ ಆರು ವಾರ ಮೊದಲು ನಿಮ್ಮ ಫೋನಿನಲ್ಲಿಯೂ ಗಂಟೆ ಬಾರಿಸಲಿ.

ವಿದೇಶದಲ್ಲಿರುವ ಮಾಲೀಕರು ಮರೆಯುವ ಸಣ್ಣ ಸಂಗತಿ ವಿಳಾಸ. ಬಾಡಿಗೆದಾರರು ನೋಟಿಸ್ ಕಳುಹಿಸಲು ಇಂಗ್ಲೆಂಡ್ ಅಥವಾ ವೇಲ್ಸ್‌ನೊಳಗಿನ ಒಂದು ವಿಳಾಸವನ್ನು ಕೊಡಲೇಬೇಕು ಎನ್ನುತ್ತದೆ 1987ರ ಮಾಲೀಕ-ಬಾಡಿಗೆದಾರ ಕಾಯ್ದೆ. ಕೊಡುವ ತನಕ ಬಾಡಿಗೆಯನ್ನು ಬಾಕಿ ಎಂದೇ ಪರಿಗಣಿಸುವುದಿಲ್ಲ. ಬಸವನಗುಡಿಯ ವಿಳಾಸ ಸಾಲದು. ಏಜೆಂಟರ ಕಚೇರಿಯ ವಿಳಾಸವನ್ನು ಬಳಸಲು ಅನುಮತಿ ಪಡೆದು ಕರಾರಿನಲ್ಲಿ ನಮೂದಿಸಿ.

ಹೆಜ್ಜೆ 4: ಜಾಹೀರಾತು ಮತ್ತು ಬಾಡಿಗೆದಾರರ ಆಯ್ಕೆ

ಜಾಹೀರಾತಿನಲ್ಲಿ ಬಾಡಿಗೆಯ ಮೊತ್ತ ಇರಲೇಬೇಕು. ಅದಕ್ಕಿಂತ ಒಂದು ಪೌಂಡ್ ಹೆಚ್ಚು ಕೇಳುವಂತಿಲ್ಲ, ಬಾಡಿಗೆದಾರರು ತಾವಾಗಿ ಹೆಚ್ಚು ಕೊಡುತ್ತೇವೆಂದರೂ ಒಪ್ಪುವಂತಿಲ್ಲ. ದಂಡ 7,000 ಪೌಂಡ್‌ವರೆಗೆ. ಹಾಗಾಗಿ ಬೆಲೆ ನಿಗದಿಯೇ ಏಜೆಂಟರ ಮೊದಲ ನಿಜವಾದ ಕೌಶಲ. ಅಕ್ಕಪಕ್ಕದ ಬೀದಿಗಳಲ್ಲಿ ಕಳೆದ ಮೂರು ತಿಂಗಳಲ್ಲಿ ಒಪ್ಪಂದವಾದ ಮನೆಗಳ ಬಾಡಿಗೆ ತೋರಿಸಿ ಎಂದು ಕೇಳಿ. ಜಾಹೀರಾತಿನಲ್ಲಿ ಕೇಳಿದ ಬೆಲೆಗಿಂತ ಕೊನೆಗೆ ಕುದುರಿದ ಬೆಲೆ ಮುಖ್ಯ.

ಮುಂಗಡ ಬಾಡಿಗೆಯ ವಿಷಯದಲ್ಲಿ ನಮ್ಮವರಿಗೆ ಆಶ್ಚರ್ಯ ಕಾದಿದೆ. ಆರು ತಿಂಗಳ ಬಾಡಿಗೆ ಒಟ್ಟಿಗೆ ಕಟ್ಟಿಸಿಕೊಳ್ಳುವ ಪದ್ಧತಿ ಮುಗಿಯಿತು. ಕರಾರಿಗೆ ಸಹಿ ಬೀಳುವ ಮೊದಲು ಬಾಡಿಗೆಯನ್ನೇ ಕೇಳುವಂತಿಲ್ಲ. ಸಹಿಯಾದ ಮೇಲೆ, ವಾಸ ಶುರುವಾಗುವ ಮೊದಲು ಹೆಚ್ಚೆಂದರೆ ಒಂದು ತಿಂಗಳದ್ದು. ಬ್ರಿಟನ್ನಿನಲ್ಲಿ ಸಾಲದ ಇತಿಹಾಸವೇ ಇಲ್ಲದೆ ಆಗಷ್ಟೇ ಬೆಂಗಳೂರಿನಿಂದ ಬಂದಿಳಿದ ಎಂಜಿನಿಯರುಗಳು ಹಿಂದೆ ಆರು ತಿಂಗಳ ಹಣ ಕಟ್ಟಿ ಮನೆ ಹಿಡಿಯುತ್ತಿದ್ದರು. ಈಗ ಅಂಥವರಿಗೆ ಉದ್ಯೋಗದಾತರ ಪತ್ರ, ಜಾಮೀನುದಾರರು ಇವೇ ದಾರಿ. ಇಂಥ ಅರ್ಜಿ ಬಂದಾಗ ತಿರಸ್ಕರಿಸುವ ಮೊದಲು ಉದ್ಯೋಗದ ಪತ್ರವನ್ನು ಕಂಪನಿಯಿಂದಲೇ ಖಚಿತಪಡಿಸಿಕೊಳ್ಳಲು ಏಜೆಂಟರಿಗೆ ಹೇಳಿ. ನೀವೂ ಒಂದು ಕಾಲಕ್ಕೆ ಹಾಗೆಯೇ ಸೂಟ್‌ಕೇಸ್ ಹಿಡಿದು ಬಂದವರು.

ಮಕ್ಕಳಿದ್ದಾರೆ ಎಂದೋ ಸರ್ಕಾರದ ನೆರವಿನ ಹಣ ಪಡೆಯುತ್ತಾರೆ ಎಂದೋ ಮನೆ ನಿರಾಕರಿಸುವಂತಿಲ್ಲ. "ನಮ್ಮ ಕಡೆಯವರಿಗೇ ಕೊಡಿಸಿ ಅಮ್ಮ" ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳಿದವರು ಕೆಟ್ಟವರಲ್ಲ, ದೇವರ ಮನೆ ಇದ್ದ ಜಾಗವೆಂಬ ಭಾವನೆ ಅವರದು. ಆದರೆ 2010ರ ಸಮಾನತೆ ಕಾಯ್ದೆಯಡಿ ಜನಾಂಗ, ರಾಷ್ಟ್ರೀಯತೆ, ಧರ್ಮ ನೋಡಿ ಮನೆ ಕೊಡುವುದು ಕಾನೂನುಬಾಹಿರ, ಮಾಲೀಕರ ಆಜ್ಞೆಯನ್ನು ಪಾಲಿಸುವ ಏಜೆಂಟರೂ ಅದರಲ್ಲಿ ಸಿಲುಕುತ್ತಾರೆ. ಇಂಥ ಸೂಚನೆಗೆ ತಲೆಯಾಡಿಸುವ ಏಜೆಂಟರಿಂದ ದೂರವಿರಿ.

ವಲಸೆ ಸ್ಥಿತಿಯ ಪರಿಶೀಲನೆ ಎಲ್ಲ ವಯಸ್ಕ ವಾಸಿಗಳಿಗೂ ಆಗಬೇಕು, ವಾಸ ಶುರುವಾಗುವ ಮೊದಲೇ. ಇ-ವೀಸಾ ಇರುವವರು ಕೊಡುವ ಶೇರ್ ಕೋಡ್ ಬಳಸಿ ಸರ್ಕಾರಿ ಜಾಲತಾಣದಲ್ಲಿ ನೋಡಬೇಕು. ಪರದೆಯ ಚಿತ್ರ ಕಳುಹಿಸಿದರೆ ಸಾಲದು. ಬ್ರಿಟಿಷ್ ಹೆಸರಿನವರನ್ನು ಬಿಟ್ಟು ವಿದೇಶಿ ಹೆಸರಿನವರನ್ನು ಮಾತ್ರ ಪರೀಕ್ಷಿಸುವುದೂ ತಾರತಮ್ಯವೇ.

ಹೆಜ್ಜೆ 5: ಕರಾರು, ಠೇವಣಿ, ಬೀಗದ ಕೈ

ಹೊಸ ಬಾಡಿಗೆಗೆ ಷರತ್ತುಗಳ ಲಿಖಿತ ವಿವರವನ್ನು ಮೊದಲೇ ಕೊಡಬೇಕು. 2026ರ ಮೇ 1ಕ್ಕೂ ಮೊದಲೇ ಲಿಖಿತ ಕರಾರಿನಲ್ಲಿದ್ದ ಬಾಡಿಗೆದಾರರಿಗೆ ಹೊಸ ಕರಾರು ಬೇಕಿಲ್ಲ, ಸರ್ಕಾರ ಪ್ರಕಟಿಸಿದ ಮಾಹಿತಿ ಪತ್ರ ಸಾಕು. ಅದಕ್ಕೆ ಗಡುವು 2026ರ ಮೇ 31. ಆ ಪತ್ರವನ್ನು ಮುದ್ರಿಸಿ ಕೊಡಬೇಕು ಅಥವಾ ಮಿಂಚಂಚೆಗೆ ಪಿಡಿಎಫ್ ಲಗತ್ತಿಸಬೇಕು, ಲಿಂಕ್ ಕಳುಹಿಸಿದರೆ ಕೊಟ್ಟಂತಾಗುವುದಿಲ್ಲ. ನಿಮ್ಮ ಏಜೆಂಟರು ಯಾವ ದಿನ, ಹೇಗೆ ಕೊಟ್ಟರು ಎಂಬ ದಾಖಲೆ ಕೇಳಿ ಪಡೆಯಿರಿ. ಹಳೆಯ ಪರಿಚಯದ ಮೇಲೆ ಬರೀ ಬಾಯಿಮಾತಿನಲ್ಲಿ ಕೊಟ್ಟ ಮನೆಯಾದರೆ ಷರತ್ತುಗಳ ಲಿಖಿತ ಸಾರವನ್ನೇ ಕೊಡಬೇಕು.

ಠೇವಣಿಯ ಮಿತಿ, ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆಯಿದ್ದರೆ, ಐದು ವಾರದ ಬಾಡಿಗೆ. ಹತ್ತು ತಿಂಗಳ ಅಡ್ವಾನ್ಸ್ ನೋಡಿ ಬೆಳೆದವರಿಗೆ ಇದು ಚಿಲ್ಲರೆಯೆನಿಸಬಹುದು. ಲೆಕ್ಕ ಹೀಗೆ: 1,500 ಪೌಂಡ್ ಗುಣಿಸು 12, ಅಂದರೆ 18,000. ಅದನ್ನು 52ರಿಂದ ಭಾಗಿಸಿದರೆ ವಾರಕ್ಕೆ 346 ಪೌಂಡ್ 15 ಪೆನ್ಸ್. ಐದು ವಾರಕ್ಕೆ ಸುಮಾರು 1,730 ಪೌಂಡ್. ತಿಂಗಳಿಗೆ ನಾಲ್ಕೇ ವಾರವೆಂದು ಹಿಡಿದು 1,875 ತೆಗೆದುಕೊಂಡರೆ ಕಾನೂನು ಮುರಿದಂತೆ. ಹಣ ಬಂದ 30 ದಿನದೊಳಗೆ ಅದು ಮಾನ್ಯತೆ ಪಡೆದ ಠೇವಣಿ ರಕ್ಷಣೆ ಯೋಜನೆಗೆ ಸೇರಬೇಕು, ಅದರ ನಿಗದಿತ ವಿವರಗಳು ಬಾಡಿಗೆದಾರರ ಕೈಗೆ ತಲುಪಬೇಕು. ತಪ್ಪಿದರೆ ಠೇವಣಿಯ ಒಂದರಿಂದ ಮೂರು ಪಟ್ಟು ಹಣ ಬಾಡಿಗೆದಾರರಿಗೆ ಕೊಡಬೇಕಾಗುತ್ತದೆ. ಮುಂದೆ ಮನೆ ಬಿಡಿಸಿಕೊಳ್ಳಲು ನ್ಯಾಯಾಲಯಕ್ಕೆ ಹೋದಾಗಲೂ ಠೇವಣಿ ಯೋಜನೆಯಲ್ಲಿಲ್ಲದಿದ್ದರೆ, ತೀವ್ರ ಸಮಾಜವಿರೋಧಿ ವರ್ತನೆಯಂಥ ಪ್ರಕರಣ ಬಿಟ್ಟು, ಆದೇಶ ಸಿಗುವುದಿಲ್ಲ.

ಬೀಗದ ಕೈ ಕೊಡುವ ದಿನದ ವಸ್ತುಪಟ್ಟಿಯನ್ನು ಹಗುರವಾಗಿ ಕಾಣಬೇಡಿ. "ಕಾರ್ಪೆಟ್: ಸುಸ್ಥಿತಿ" ಎಂದು ಬರೆದ ಪಟ್ಟಿ ಕೊನೆಯಲ್ಲಿ ಯಾವ ಕೆಲಸಕ್ಕೂ ಬಾರದು. "ಹಿಂದಿನ ಕೋಣೆಯ ಕಾರ್ಪೆಟ್, ಕಿಟಕಿಯಿಂದ ಎರಡು ಅಡಿ ದೂರದಲ್ಲಿ ಇಸ್ತ್ರಿಪೆಟ್ಟಿಗೆಯ ಆಕಾರದ ಸುಟ್ಟ ಕಲೆ, ಹಳೆಯದು" ಎಂದಿದ್ದರೆ ಯಾರಿಗೂ ಅನ್ಯಾಯವಾಗುವುದಿಲ್ಲ. ದಿನಾಂಕವಿರುವ ಚಿತ್ರಗಳು, ಗ್ಯಾಸ್, ವಿದ್ಯುತ್, ನೀರಿನ ಮೀಟರ್ ರೀಡಿಂಗ್, ಅಲಾರಂ ಒತ್ತಿ ನೋಡಿದ ಟಿಪ್ಪಣಿ, ಬೀಗದ ಕೈಗಳ ಎಣಿಕೆ, ಬಾಡಿಗೆದಾರರ ಸಹಿ. ಇವಿಷ್ಟೂ ಇರಲಿ.

ಹೆಜ್ಜೆ 6: ನಡುವಿನ ತಿಂಗಳುಗಳು

ಏಜೆಂಟರ ನಿಜವಾದ ಬೆಲೆ ತಿಳಿಯುವುದು ಇಲ್ಲಿ. ಒಮ್ಮೆ ಫೆಬ್ರವರಿಯಲ್ಲಿ ನಾನು ತಪಾಸಣೆಗೆ ಹೋದ ಮನೆಯ ಹಿಂದಿನ ವರದಿ ನನ್ನ ಕೈಯಲ್ಲಿತ್ತು. ಹಿಂಬದಿಯ ಮಲಗುವ ಕೋಣೆಗೆ "ಸಮಸ್ಯೆಯಿಲ್ಲ" ಎಂಬ ಟಿಪ್ಪಣಿ, ಜೊತೆಗೆ ಕಪಾಟಿನ ಬಾಗಿಲಿನ ಒಂದು ಚಿತ್ರ. ಕೋಣೆಗೆ ಕಾಲಿಟ್ಟೊಡನೆ ಹಸಿ ಮಣ್ಣಿನಂಥ ವಾಸನೆ. ಕಪಾಟು ಹೊರಗೋಡೆಗೆ ಅಂಟಿಕೊಂಡಿತ್ತು. ಬಾಡಿಗೆದಾರರ ಜೊತೆ ಸೇರಿ ಅದನ್ನು ಎಳೆದರೆ, ಹಿಂದೆ ಮೊಣಕಾಲೆತ್ತರದವರೆಗೆ ಕಪ್ಪು ಬೂಷ್ಟು. ಪಕ್ಕದ ಬಚ್ಚಲುಮನೆಯ ಗಾಳಿ ಎಳೆಯುವ ಫ್ಯಾನಿನ ದಾರ ಎಳೆದೆ, ಸದ್ದಿಲ್ಲ. ಅದರ ಜಾಲರಿ ಧೂಳಿನಿಂದ ಮುಚ್ಚಿಹೋಗಿತ್ತು. ಎಂಟು ತಿಂಗಳ ಮಗುವಿನ ತೊಟ್ಟಿಲು ಆ ಕಪಾಟಿನಿಂದ ನಾಲ್ಕು ಹೆಜ್ಜೆ ದೂರ. ಫ್ಯಾನ್ ಬದಲಾಯಿಸಿ, ಗೋಡೆ ಶುದ್ಧಮಾಡಿಸಿ, ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ತಂದದ್ದಷ್ಟೇ ಕೆಲಸ. ಹಿಂದಿನ ವರ್ಷ ಯಾರಾದರೂ ಆ ದಾರವನ್ನು ಒಮ್ಮೆ ಎಳೆದಿದ್ದರೆ ಸಾಕಿತ್ತು.

2020ರ ಡಿಸೆಂಬರಿನಲ್ಲಿ ರಾಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು, ಬೂಷ್ಟು ಹಿಡಿದ ಫ್ಲಾಟಿನ ಗಾಳಿ ಕುಡಿದು ತೀರಿಕೊಂಡಿತು. ಕುಟುಂಬದ ಜೀವನಶೈಲಿಯೇ ಕಾರಣವೆಂದು ಊಹಿಸಿದ್ದನ್ನು ಮನೆ ಕೊಟ್ಟ ವಸತಿ ಸಂಸ್ಥೆ ಆಮೇಲೆ ಒಪ್ಪಿಕೊಂಡಿತು. ಬೂಷ್ಟಿನಂಥ ಅಪಾಯಗಳನ್ನು ಗಡುವಿನೊಳಗೆ ಸರಿಪಡಿಸಬೇಕೆನ್ನುವ, ಆ ಮಗುವಿನ ಹೆಸರಿನ ನಿಯಮ 2025ರ ಅಕ್ಟೋಬರ್ 27ರಿಂದ ಸಾಮಾಜಿಕ ವಸತಿಗಳಿಗೆ, ಅಂದರೆ ಕೌನ್ಸಿಲ್ ಮತ್ತು ವಸತಿ ಸಂಸ್ಥೆಗಳ ಮನೆಗಳಿಗೆ, ಅನ್ವಯವಾಗಿದೆ. ಖಾಸಗಿ ಮನೆಗಳಿಗೂ ಅದನ್ನು ವಿಸ್ತರಿಸಲು ಹೊಸ ಕಾಯ್ದೆ ಅವಕಾಶ ಕೊಟ್ಟಿದೆ. ಅಡುಗೆಯ ಹಬೆ, ಒಳಗೆ ಒಣಹಾಕಿದ ಬಟ್ಟೆ ಎಂದು ಬಾಡಿಗೆದಾರರ ಮೇಲೆ ಹೊರಿಸುವ ಏಜೆಂಟರ ವರದಿ ಬಂದರೆ ಒಪ್ಪಬೇಡಿ. ಮೊದಲು ಫ್ಯಾನ್, ಸೂರಿನ ನೀರಿನ ಕೊಳವೆ, ಕಿಟಕಿಯ ಅಂಚು ನೋಡಿಸಿ.

ಹಾಗಾಗಿ ಏಜೆಂಟರಿಗೆ ಹೀಗೆ ಹೇಳಿ: ವರ್ಷಕ್ಕೆ ಎರಡು ಸಲವಾದರೂ ತಪಾಸಣೆ, ಅದರಲ್ಲೊಂದು ಚಳಿಗಾಲದಲ್ಲಿ. ಕನಿಷ್ಠ 24 ಗಂಟೆ ಮೊದಲು ಲಿಖಿತ ಸೂಚನೆ ಕೊಡಬೇಕು. ಪ್ರತಿ ಕೋಣೆಯ ಹೊರಗೋಡೆಯ ಚಿತ್ರ ಬೇಕು. ದುರಸ್ತಿಯ ದೂರು ಬಂದ ದಿನ, ಉತ್ತರ ಕೊಟ್ಟ ದಿನ, ಕೆಲಸ ಮುಗಿದ ದಿನ, ಮೂರೂ ದಾಖಲಾಗಬೇಕು.

ಸಾಕುಪ್ರಾಣಿ ಇಟ್ಟುಕೊಳ್ಳಲು ಬಾಡಿಗೆದಾರರು ಲಿಖಿತವಾಗಿ ಕೇಳಿದರೆ 28 ದಿನದೊಳಗೆ ಉತ್ತರಿಸಬೇಕು. ಸಕಾರಣವಿಲ್ಲದೆ ಬೇಡವೆನ್ನುವಂತಿಲ್ಲ. ಕಟ್ಟಡದ ಒಡೆಯರ ಜೊತೆಗಿರುವ ನಿಮ್ಮ ಫ್ಲಾಟಿನ ಮೂಲ ಗುತ್ತಿಗೆಯೇ ಪ್ರಾಣಿಗಳನ್ನು ನಿಷೇಧಿಸಿದ್ದರೆ ಅದು ಸಕಾರಣ. ನಾಯಿಯ ಕೂದಲು ಇಷ್ಟವಿಲ್ಲ ಎಂಬುದು ಅಲ್ಲ. ಇದಕ್ಕೆಂದು ಐದು ವಾರದ ಮಿತಿ ಮೀರಿ ಠೇವಣಿ ಕೇಳಲೂ ಬರುವುದಿಲ್ಲ.

ಬಾಡಿಗೆ ಏರಿಸುವುದು ವರ್ಷಕ್ಕೊಮ್ಮೆ ಮಾತ್ರ, ಅದೂ 1988ರ ವಸತಿ ಕಾಯ್ದೆಯ 13ನೇ ಕಲಂನ ನೋಟಿಸ್ ಮೂಲಕ, 4ಎ ನಮೂನೆಯಲ್ಲಿ, ಎರಡು ತಿಂಗಳು ಮೊದಲು. ಕರಾರಿನೊಳಗೆ ವರ್ಷಕ್ಕೆ ಶೇ. 5 ಎಂದು ಬರೆದಿಟ್ಟ ಷರತ್ತು ನಡೆಯದು. ಹೆಚ್ಚಾಯಿತೆನಿಸಿದರೆ ಬಾಡಿಗೆದಾರರು ಇಂಥ ವಿವಾದ ತೀರ್ಮಾನಿಸುವ ಟ್ರಿಬ್ಯೂನಲ್‌ಗೆ ಹೋಗಬಹುದು. ಅಲ್ಲಿ ನೀವು ಕೇಳಿದ್ದಕ್ಕಿಂತ ಹೆಚ್ಚು ನಿಗದಿಯಾಗುವುದಿಲ್ಲ, ತೀರ್ಪಿನ ಮೊದಲಿನ ತಿಂಗಳುಗಳಿಗೆ ಏರಿಕೆ ಸಿಗುವುದೂ ಇಲ್ಲ. ಆದ್ದರಿಂದ ಆಸೆಗೆ ಬಿದ್ದು ದೊಡ್ಡ ಮೊತ್ತ ಕೇಳುವುದಕ್ಕಿಂತ, ಹೋಲಿಕೆಯ ಮೂರು ನಾಲ್ಕು ಮನೆಗಳನ್ನು ಜೊತೆಗಿಟ್ಟು ನ್ಯಾಯವಾದ ಮೊತ್ತ ಕೇಳುವುದು ಲಾಭ. ನೋಟಿಸ್ ಕಳುಹಿಸುವ ಮೊದಲು ಏಜೆಂಟರು ಬಾಡಿಗೆದಾರರಿಗೆ ಒಂದು ಫೋನ್ ಮಾಡಲಿ. ಎಷ್ಟೋ ಜಗಳ ಆ ಒಂದು ಕರೆಯಲ್ಲಿಯೇ ತಪ್ಪುತ್ತದೆ.

ಹೆಜ್ಜೆ 7: ಬಾಡಿಗೆ ನಿಂತರೆ

ಈಗ, ನ್ಯಾಯಾಲಯ ಆದೇಶ ಕೊಡಲೇಬೇಕಾದ ಕಡ್ಡಾಯ ತೆರವಿನ ಕಾರಣಕ್ಕೆ ಮೂರು ತಿಂಗಳ ಬಾಡಿಗೆ ಬಾಕಿಯಿರಬೇಕು, ಹಿಂದೆ ಎರಡು ತಿಂಗಳು ಸಾಕಿತ್ತು. ನೋಟಿಸ್ ಅವಧಿಯೂ ಎರಡು ವಾರದಿಂದ ನಾಲ್ಕಕ್ಕೆ ಏರಿದೆ. ನೋಟಿಸ್ ಕೊಟ್ಟ ದಿನವೂ ವಿಚಾರಣೆಯ ದಿನವೂ ಅಷ್ಟು ಬಾಕಿ ಇರಬೇಕು. 1,500ರ ಮನೆಗೆ 4,500 ಪೌಂಡ್ ನಿಂತ ಮೇಲೆ ಶುರುವಾಗುವ ಪ್ರಯಾಣ ಅದು, ಅದರ ಮುಂದೆ ನ್ಯಾಯಾಲಯದ ಸರದಿ. ಅಲ್ಲಿಯತನಕ ನಿಮ್ಮ ಸಾಲದ ಕಂತು ನಿಲ್ಲುವುದಿಲ್ಲ.

ಆದ್ದರಿಂದ ಏಜೆಂಟರು ಮೂರನೆಯ ತಿಂಗಳಿಗೆ ಕಾಯಬಾರದು. ಬಾಡಿಗೆ ತಪ್ಪಿದ ಮೂರನೆಯ ದಿನ ಫೋನ್, ಏಳನೆಯ ದಿನ ಪತ್ರ, ಹದಿನಾಲ್ಕನೆಯ ದಿನ ಜಾಮೀನುದಾರರಿಗೂ ನಿಮಗೂ ಸೂಚನೆ: ಈ ಕ್ರಮವನ್ನು ಒಪ್ಪಂದದಲ್ಲಿಯೇ ಬರೆಸಿ. ಕೆಲಸ ಹೋಗಿದೆಯೇ, ಕಾಯಿಲೆಯೇ ಎಂದು ಕೇಳಿ, ಕಂತಿನಲ್ಲಿ ತೀರಿಸುವ ದಾರಿ ಮಾಡಿಕೊಟ್ಟರೆ ಬಹಳ ಮಂದಿ ಸುಧಾರಿಸಿಕೊಳ್ಳುತ್ತಾರೆ. ಬಾಡಿಗೆ ಖಾತರಿ ವಿಮೆ ಇದ್ದರೆ ಹಕ್ಕು ಮಂಡನೆಗೆ ಎಷ್ಟು ದಿನದ ಗಡುವಿದೆ ಎಂಬುದನ್ನು ಮೊದಲೇ ಓದಿಡಿ.

ಹೆಜ್ಜೆ 8: ಮನೆ ವಾಪಸ್ ಬೇಕಾದಾಗ

ಜಯನಗರದ ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿದೆ. ಮಾಲೀಕರೋ ಅವರ ಹತ್ತಿರದ ಕುಟುಂಬದವರೋ ವಾಸಕ್ಕೆ ಬರುವುದು ಒಂದು ಕಾರಣ, ಮನೆ ಮಾರುವುದು ಇನ್ನೊಂದು. ಎರಡಕ್ಕೂ ನಾಲ್ಕು ತಿಂಗಳ ನೋಟಿಸ್ ಬೇಕು, ಬಾಡಿಗೆ ಶುರುವಾಗಿ ಹನ್ನೆರಡು ತಿಂಗಳಾಗುವ ಮೊದಲು ಆ ನೋಟಿಸ್ ಮುಗಿಯುವಂತಿಲ್ಲ.

ಅವರ ಮಗ ಮತ್ತೆ ರೆಡಿಂಗ್‌ಗೆ ಹೋಗಿ, ಮಗಳನ್ನು 2027ರ ಸೆಪ್ಟೆಂಬರಿನಲ್ಲಿ ಅಲ್ಲಿನ ಶಾಲೆಗೆ ಸೇರಿಸಬೇಕು ಎಂದಿಟ್ಟುಕೊಳ್ಳಿ. ಬಾಡಿಗೆದಾರರು ಬಂದದ್ದು 2026ರ ಜೂನ್ 1ಕ್ಕೆ. ನೋಟಿಸ್ ಅವಧಿ 2027ರ ಜೂನ್ 1ಕ್ಕೂ ಮೊದಲು ಮುಗಿಯಬಾರದು, ಅಂದರೆ ಫೆಬ್ರವರಿಯ ಆರಂಭದಲ್ಲಿಯೇ ಕೊಡಬಹುದು. ಏಪ್ರಿಲ್‌ವರೆಗೆ ಕಾದರೆ ಆಗಸ್ಟ್ ಬಂದೇಬಿಡುತ್ತದೆ. ಬಾಡಿಗೆದಾರರು ಹೊರಡದಿದ್ದರೆ ನ್ಯಾಯಾಲಯಕ್ಕೆ ಹೋಗಬೇಕು, ವಿಚಾರಣೆಯಿಲ್ಲದೆ ಕಾಗದದ ಮೇಲೆಯೇ ಆದೇಶ ಪಡೆಯುವ ಹಳೆಯ ಚುರುಕು ದಾರಿ 21ನೇ ಕಲಂ ಜೊತೆಗೇ ಹೋಯಿತು. ಹೀಗಾಗಿ ಮರಳುವ ಯೋಚನೆ ಮೊಳೆತಾಗಲೇ ಏಜೆಂಟರಿಗೆ ತಿಳಿಸಿ, ವಿಮಾನದ ಟಿಕೆಟ್ ಕಾದಿರಿಸಿದ ಮೇಲೆ ಬೇಡ. ಉದ್ಯೋಗದ ಆದೇಶ ಪತ್ರ, ಶಾಲೆಯ ಅರ್ಜಿ, ಮಾರುವುದಾದರೆ ಮಾರಾಟ ಏಜೆಂಟರ ಜೊತೆಗಿನ ಒಪ್ಪಂದ, ಇವೇ ಸಾಕ್ಷ್ಯ.

ಮಾರುತ್ತೇವೆಂದು ಬಿಡಿಸಿ, ಹೆಚ್ಚಿನ ಬಾಡಿಗೆಗೆ ಬೇರೆಯವರಿಗೆ ಕೊಡುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಈ ಕಾರಣಗಳನ್ನು ಬಳಸಿದ ಮೇಲೆ ಹನ್ನೆರಡು ತಿಂಗಳು ಮತ್ತೆ ಬಾಡಿಗೆಗೆ ಕೊಡುವಂತಿಲ್ಲ, ಜಾಹೀರಾತೂ ಹಾಕುವಂತಿಲ್ಲ. ದಂಡ 40,000 ಪೌಂಡ್‌ವರೆಗೆ ಹೋಗಬಹುದು.

ಹೆಜ್ಜೆ 9: ತೆರಿಗೆ

ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ಬ್ರಿಟನ್ನಿನ ಹೊರಗೆ ವಾಸವಿರುವ ಮಾಲೀಕರ ಬಾಡಿಗೆಯಿಂದ, ಏಜೆಂಟರು ತಾವು ಭರಿಸಿದ ಖರ್ಚು ಕಳೆದು ಉಳಿದದ್ದರ ಮೇಲೆ ಶೇ. 20 ತೆರಿಗೆ ಹಿಡಿದು ಮೂರು ತಿಂಗಳಿಗೊಮ್ಮೆ ಕಂದಾಯ ಇಲಾಖೆಗೆ ಕಟ್ಟಬೇಕು. ಎನ್‌ಆರ್‌ಎಲ್1 ಎಂಬ ಅನಿವಾಸಿ ಮಾಲೀಕರ ಅರ್ಜಿ ಹಾಕಿ ಅನುಮತಿ ಪಡೆದರೆ ಪೂರ್ತಿ ಬಾಡಿಗೆ ಕೈಸೇರುತ್ತದೆ. ಆದರೆ ಅದು ತೆರಿಗೆ ವಿನಾಯಿತಿಯಲ್ಲ, ವಾರ್ಷಿಕ ಲೆಕ್ಕಪತ್ರ ಸಲ್ಲಿಸಲೇಬೇಕು. ತೆರಿಗೆ ಕಾನೂನಿನ ಲೆಕ್ಕದಲ್ಲಿ ಭಾರತದ ಸಾಮಾನ್ಯ ನಿವಾಸಿಯಾಗಿದ್ದರೆ ಆ ಮನೆಯನ್ನೂ ಬಾಡಿಗೆಯನ್ನೂ ಇಲ್ಲಿನ ರಿಟರ್ನ್‌ನಲ್ಲಿಯೂ ತೋರಿಸಬೇಕು. ಅಲ್ಲಿ ಕಟ್ಟಿದ ತೆರಿಗೆಗೆ ಎರಡು ದೇಶಗಳ ಒಪ್ಪಂದದಡಿ ಇಲ್ಲಿ ರಿಯಾಯಿತಿ ಸಿಗುತ್ತದೆ. ಏಜೆಂಟರಿಂದ ತಿಂಗಳ ಪಟ್ಟಿಯ ಜೊತೆಗೆ ಏಪ್ರಿಲ್ 5ಕ್ಕೆ ಮುಗಿಯುವ ವರ್ಷದ ಒಟ್ಟು ಲೆಕ್ಕವನ್ನೂ ಕೇಳಿ ಪಡೆಯಿರಿ.

ಹೆಜ್ಜೆ 10: ಮುಂದೆ ಬರುವುದಕ್ಕೆ ಸಿದ್ಧರಾಗಿ, ಬೇಕಾದರೆ ಏಜೆಂಟರನ್ನು ಬದಲಾಯಿಸಿ

ಖಾಸಗಿ ಬಾಡಿಗೆ ಮನೆಗಳ ರಾಷ್ಟ್ರೀಯ ದತ್ತಾಂಶ ಕೋಶವನ್ನು 2026ರ ಕೊನೆಯಿಂದ ಪ್ರಾಂತ್ಯವಾರು ತೆರೆಯುವುದು ಸರ್ಕಾರದ ಯೋಜನೆ. ಅದರಲ್ಲಿ ನೋಂದಾಯಿಸದ ಮನೆಗೆ ಜಾಹೀರಾತು ಹಾಕುವಂತಿಲ್ಲ. ಅದಾದ ಮೇಲೆ, ಬಾಡಿಗೆದಾರರ ದೂರು ಕೇಳುವ ಮಾಲೀಕರ ಓಂಬಡ್ಸ್‌ಮನ್ ಬರಲಿದೆ, ಏಜೆಂಟರು ಇದ್ದರೂ ಮಾಲೀಕರು ಸ್ವತಃ ಸದಸ್ಯರಾಗಬೇಕು. 2030ರ ವೇಳೆಗೆ ಬಾಡಿಗೆ ಮನೆಗಳು ಇಂಧನ ದಕ್ಷತೆಯಲ್ಲಿ ಸಿ ದರ್ಜೆಗೆ ಬರಬೇಕೆಂಬುದು ಸರ್ಕಾರದ ನಿಲುವು. ನಿಮ್ಮದು ಡಿ ಅಥವಾ ಇ ಆಗಿದ್ದರೆ ಅಟ್ಟದ ಹೊದಿಕೆ, ಗೋಡೆಯ ಹೊದಿಕೆಗೆ ಎಷ್ಟಾಗುತ್ತದೆಂದು ಈಗಲೇ ಅಂದಾಜು ತರಿಸಿ.

ಇವುಗಳ ಬಗ್ಗೆ ನಿಮ್ಮ ಏಜೆಂಟರು ತಾವಾಗಿ ಒಂದು ಪತ್ರವನ್ನೂ ಬರೆದಿಲ್ಲವಾದರೆ ಬೇರೆಯವರನ್ನು ನೋಡುವ ಕಾಲ ಬಂದಿದೆ ಎಂದೇ ಅರ್ಥ. ಬಾಡಿಗೆದಾರರನ್ನು ಕದಲಿಸದೆ ಏಜೆಂಟರನ್ನು ಮಾತ್ರ ಬದಲಾಯಿಸಬಹುದು. ಒಪ್ಪಂದದಂತೆ ಲಿಖಿತ ನೋಟಿಸ್ ಕೊಡಿ. ಮೂಲ ಕರಾರು, ವಸ್ತುಪಟ್ಟಿ ಮತ್ತು ಚಿತ್ರಗಳು, ಗ್ಯಾಸ್, ವಿದ್ಯುತ್, ಇಂಧನ ಪತ್ರಗಳು, ವಲಸೆ ಪರಿಶೀಲನೆಯ ಪ್ರತಿಗಳು, ದುರಸ್ತಿ ದೂರುಗಳ ದಾಖಲೆ, ಬಾಡಿಗೆ ಜಮೆಯ ಪಟ್ಟಿ, ಎಲ್ಲ ಜೊತೆ ಬೀಗದ ಕೈಗಳು, ಇವೆಲ್ಲ ಹೊಸಬರ ಕೈಸೇರಬೇಕು. ಬಾಡಿಗೆದಾರರಿಗೆ ಹೊಸ ಬ್ಯಾಂಕ್ ಖಾತೆಯ ವಿವರ ನಿಮ್ಮಿಂದಲೇ ಹೋಗಲಿ, ಇಲ್ಲದಿದ್ದರೆ ಮೋಸದ ಕರೆಯೆಂದು ಅವರು ಗಾಬರಿಯಾಗುತ್ತಾರೆ. ಠೇವಣಿ ಹೊಸ ಏಜೆಂಟರ ಹೆಸರಿಗೆ ವರ್ಗವಾದ ದೃಢೀಕರಣ ಯೋಜನೆಯಿಂದ ಬರುವ ತನಕ ಹಳೆಯ ಖಾತೆಯ ಲೆಕ್ಕವನ್ನು ಚುಕ್ತಾ ಎಂದು ಒಪ್ಪಿ ಸಹಿ ಹಾಕಬೇಡಿ.